ಒಂದೇ ಹೆಸರು, ಎರಡು ಬೆಲೆ

ಕೊಲ್ಹಾಪುರದ ಮಹಾಲಕ್ಷ್ಮಿ ಗುಡಿಗೆ ಹೋದವರು ಬರುವಾಗ ಪ್ರಸಾದದ ಜೊತೆಗೆ ಚಪ್ಪಲಿಯನ್ನೂ ಕೊಂಡು ತರುವುದು ಬೆಳಗಾವಿ ಸೀಮೆಯ ಹಳೆಯ ರೂಢಿ. ಅಂಗಡಿಗೆ ಕಾಲಿಟ್ಟ ಗಿರಾಕಿಯ ಮುಂದೆ ಎರಡು ಜೊತೆ ಬಂದು ಕೂಡುತ್ತವೆ. ಒಂದು ಸಾದಾ, ಇನ್ನೊಂದು ಸ್ಪೆಷಲ್. ಎರಡಕ್ಕೂ ಹೆಸರು 'ಕೊಲ್ಹಾಪುರಿ'. ಬಣ್ಣವೂ ಒಂದೇ, ಆಕಾರವೂ ಹೆಚ್ಚು ಕಡಿಮೆ ಒಂದೇ. ಬೆಲೆಯಲ್ಲಿ ಮಾತ್ರ ಬಹಳ ಅಂತರ. ಆ ಎರಡೂ ಜೊತೆಗಳು ಕೊಲ್ಹಾಪುರದಲ್ಲಿ ತಯಾರಾಗದೆ ಅಥಣಿಯಲ್ಲೋ ನಿಪ್ಪಾಣಿಯಲ್ಲೋ ಚಿಕ್ಕೋಡಿ-ರಾಯಬಾಗ ಕಡೆಯ ಹಳ್ಳಿಯಲ್ಲೋ ಹೊಲಿಗೆ ಕಂಡಿರಬಹುದು ಎಂಬುದು ಎಲ್ಲ ಗಿರಾಕಿಗಳಿಗೂ ಗೊತ್ತಿರುವುದಿಲ್ಲ.

ಒಂದೇ ಸರಕನ್ನು ಎರಡು ದರ್ಜೆಯಲ್ಲಿ ಮಾರುವುದು ಹೊಸ ಉಪಾಯವೇನಲ್ಲ. ಚಹಾದ ಹೋಟೆಲಿನಲ್ಲೂ ಸಾದಾ ಮತ್ತು ಸ್ಪೆಷಲ್ ಉಂಟು. ಆದರೆ ಈ ಎರಡರ ನಡುವಿನ ಅಂತರ ಹುಟ್ಟುವುದು ಎಲ್ಲಿ? ಆ ಅಂತರದ ಹಣ ಸೇರುವುದು ಯಾರ ಕೈಗೆ? ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ ಅಥಣಿಯ ಚಪ್ಪಲಿಯ ಚರಿತ್ರೆಯೇ ಬೇರೊಂದು ಬೆಳಕಿನಲ್ಲಿ ಕಾಣುತ್ತದೆ. ಅದಕ್ಕೆ ಮೊದಲು, ಈ ಲೆಕ್ಕವನ್ನು ನಮ್ಮ ಕಾಲದಲ್ಲಿ ಬಹಳ ನಾಜೂಕಾಗಿ ನಡೆಸಿದ ಇನ್ನೊಂದು ವ್ಯಾಪಾರವನ್ನು ನೋಡುವುದು ಒಳ್ಳೆಯದು. ಅದು ವಿಡಿಯೊ ಗೇಮ್ ಪೆಟ್ಟಿಗೆಗಳ ವ್ಯಾಪಾರ.

ಪೆಟ್ಟಿಗೆಯ ಲೆಕ್ಕ

2005ರ ನವೆಂಬರಿನಲ್ಲಿ ಅಮೆರಿಕದ ಮೈಕ್ರೊಸಾಫ್ಟ್ ಕಂಪನಿ ತನ್ನ 'ಎಕ್ಸ್‌ಬಾಕ್ಸ್ 360' ಆಟದ ಪೆಟ್ಟಿಗೆಯನ್ನು ಏಕಕಾಲಕ್ಕೆ ಎರಡು ಬಗೆಯಲ್ಲಿ ಮಾರುಕಟ್ಟೆಗೆ ಬಿಟ್ಟಿತು. 'ಕೋರ್' ಎಂಬ ಸಾದಾ ಪೆಟ್ಟಿಗೆಗೆ 300 ಡಾಲರ್. ಮೇಲ್ದರ್ಜೆಯದಕ್ಕೆ 400 ಡಾಲರ್. ಮರುವರ್ಷ ಭಾರತಕ್ಕೆ ಬಂದಾಗ ಸಾದಾ ಪೆಟ್ಟಿಗೆಗೆ 19,990 ರೂಪಾಯಿ, ಮೇಲ್ದರ್ಜೆಗೆ 23,990 ರೂಪಾಯಿ ಎಂದು ಬೆಲೆ ಕಟ್ಟಲಾಯಿತು. ಎರಡರ ಒಳಗಿನ ಮುಖ್ಯ ಯಂತ್ರ ಒಂದೇ. ಆದರೆ ಸಾದಾ ಪೆಟ್ಟಿಗೆಯಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಆಡಿದ ಆಟವನ್ನು ಅಲ್ಲಿಗೇ ಉಳಿಸಿ ಮರುದಿನ ಮುಂದುವರಿಸಬೇಕೆಂದರೆ ಬೇರೆ ದುಡ್ಡು ಕೊಟ್ಟು ಒಂದು ನೆನಪಿನ ಬಿಲ್ಲೆ ಕೊಳ್ಳಬೇಕಾಗಿತ್ತು. ಅಂದರೆ ಅಗ್ಗವೆಂದು ತಂದ ಪೆಟ್ಟಿಗೆ ಮನೆಗೆ ಬಂದ ಮೇಲೆ ಅಷ್ಟೇನೂ ಅಗ್ಗವಾಗಿ ಉಳಿಯುತ್ತಿರಲಿಲ್ಲ.

ಇದೇ ದಾರಿಯನ್ನು ಇತರರೂ ಹಿಡಿದರು. 2006ರಲ್ಲಿ ಸೋನಿ ಕಂಪನಿಯ 'ಪ್ಲೇಸ್ಟೇಷನ್ 3' ಎರಡು ಬೆಲೆಗಳಲ್ಲಿ ಬಂತು. 2012ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತನ್ನ 'ವೀ ಯು' ಪೆಟ್ಟಿಗೆಗೆ 'ಬೇಸಿಕ್' ಮತ್ತು 'ಡಿಲಕ್ಸ್' ಎಂದೇ ಹೆಸರಿಟ್ಟಿತು. ಈ ಎರಡರಲ್ಲೂ ಸಾದಾ ಪೆಟ್ಟಿಗೆ ಅಮೆರಿಕದ ಮಾರುಕಟ್ಟೆಯಲ್ಲಿ ಮರುವರ್ಷವೇ ಮೂಲೆಗೆ ಸರಿಯಿತು. ಗಿರಾಕಿ ಅಗ್ಗದ ಬೆಲೆ ಕೇಳಿ ಅಂಗಡಿಗೆ ಬರುತ್ತಾನೆ. ಬಂದ ಮೇಲೆ 'ಇಷ್ಟೇ ಹೆಚ್ಚು ಕೊಟ್ಟರೆ ಅಷ್ಟೆಲ್ಲ ಸಿಗುತ್ತದಲ್ಲ' ಎಂದು ದೊಡ್ಡದನ್ನೇ ಒಯ್ಯುತ್ತಾನೆ. ಸಾದಾ ಮಾಲಿನ ಒಂದು ಕೆಲಸ ಇದು: ತಾನು ಮಾರಾಟವಾಗದಿದ್ದರೂ ಪಕ್ಕದ್ದನ್ನು ಮಾರಿಸುವುದು.

2021ರ ಫೆಬ್ರುವರಿಯಲ್ಲಿ 'ಪ್ಲೇಸ್ಟೇಷನ್ 5' ಭಾರತಕ್ಕೆ ಬಂದಾಗ ಲೆಕ್ಕ ಇನ್ನೂ ಸೂಕ್ಷ್ಮವಾಯಿತು. ಒಂದರ ಬೆಲೆ 49,990 ರೂಪಾಯಿ, ಇನ್ನೊಂದರದು 39,990. ಆಟದ ಶಕ್ತಿಯಲ್ಲಿ ಎರಡೂ ಸಮ. ಅಗ್ಗದ್ದರಲ್ಲಿ ಆಟದ ಬಿಲ್ಲೆ ಹಾಕುವ ಗೂಡು ಮಾತ್ರ ಇಲ್ಲ. ಗೂಡು ಇಲ್ಲದಿದ್ದರೆ ಗೆಳೆಯನಿಂದ ಬಿಲ್ಲೆ ಕಡ ತರುವಂತಿಲ್ಲ, ಹಳೆಯದನ್ನು ಅರ್ಧ ಬೆಲೆಗೆ ಕೊಳ್ಳುವಂತಿಲ್ಲ. ಕಂಪನಿಯ ಸ್ವಂತ ಆನ್‌ಲೈನ್ ಅಂಗಡಿಯಿಂದಲೇ ಎಲ್ಲ ಆಟಗಳನ್ನೂ ಕೊಳ್ಳಬೇಕು. ಹತ್ತು ಸಾವಿರ ರೂಪಾಯಿ ಬಿಟ್ಟುಕೊಟ್ಟ ಕಂಪನಿ ಗಿರಾಕಿಯನ್ನು ತನ್ನ ಅಂಗಡಿಗೇ ಕಟ್ಟಿಹಾಕಿಕೊಂಡಿತು.

ಮಾಡಿಲ್ಲದ ಡಬ್ಬಿ

ಈ ಜಾಣತನವನ್ನು ಮೊದಲು ಬಿಡಿಸಿ ಹೇಳಿದವರಲ್ಲಿ ಒಬ್ಬ ಫ್ರಾನ್ಸಿನ ಎಂಜಿನಿಯರ್ ಜೂಲ್ ದ್ಯುಪ್ವಿ. ರೈಲು ಆಗತಾನೆ ಹರಡುತ್ತಿದ್ದ 1849ರಲ್ಲಿ ಆತ ಪ್ರಯಾಣದರಗಳ ಬಗ್ಗೆ ಬರೆದ. ಆಗಿನ ಕೆಲವು ರೈಲುಗಳಲ್ಲಿ ಮೂರನೆಯ ದರ್ಜೆಯ ಡಬ್ಬಿಗಳಿಗೆ ಮೇಲ್ಚಾವಣಿಯೇ ಇರುತ್ತಿರಲಿಲ್ಲ. ಮಾಡು ಹಾಕಿಸಲು ರೈಲು ಕಂಪನಿಗೆ ಭಾರಿ ಖರ್ಚೇನೂ ಬರುತ್ತಿರಲಿಲ್ಲ. ಆದರೂ ಹಾಕಿಸಲಿಲ್ಲ. ಬಡವರಿಗೆ ತೊಂದರೆ ಕೊಡುವುದೇ ಉದ್ದೇಶವಲ್ಲ; ಎರಡನೆಯ ದರ್ಜೆಗೆ ದುಡ್ಡು ಕೊಡಬಲ್ಲವರು ಮೂರನೆಯ ದರ್ಜೆಗೆ ಇಳಿಯದಂತೆ ಹೆದರಿಸುವುದು ಉದ್ದೇಶ ಎಂದು ದ್ಯುಪ್ವಿ ವಿವರಿಸಿದ. ಬಡವರು ಬಿಸಿಲಿನಲ್ಲಿ ಕುಳಿತದ್ದು ಸಿರಿವಂತರ ಟಿಕೆಟ್ಟಿನ ಕಾವಲಿಗಾಗಿ.

19ನೆಯ ಶತಮಾನದ ಕೊನೆಯ ಹೊತ್ತಿಗೆ ಪುಣೆ-ಮೀರಜ್-ಬೆಳಗಾವಿ ರೈಲು ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗಗಳನ್ನು ಹಾದು ಓಡತೊಡಗಿದಾಗ ದರ್ಜೆಗಳ ಈ ಪದ್ಧತಿಯೂ ಕೃಷ್ಣಾ ತೀರಕ್ಕೆ ಬಂತು. ಮೂರನೆಯ ದರ್ಜೆಯ ಪ್ರಯಾಣಿಕರ ಪಾಡನ್ನು ಕುರಿತು ಗಾಂಧೀಜಿ 1917ರಲ್ಲಿ ಬರೆದದ್ದು ಪ್ರಸಿದ್ಧ. ಭಾರತದ ರೈಲುಗಳಲ್ಲಿ ಮೂರನೆಯ ದರ್ಜೆ ಎಂಬ ಹೆಸರು ಹೋದದ್ದು 1974ರಲ್ಲಿ.

ಕಂಪ್ಯೂಟರ್ ಕಾಲದಲ್ಲೂ ಮಾಡಿಲ್ಲದ ಡಬ್ಬಿಗಳು ಬಂದವು. 1991ರಲ್ಲಿ ಇಂಟೆಲ್ ಕಂಪನಿ ಹೊರತಂದ '486 ಎಸ್‌ಎಕ್ಸ್' ಎಂಬ ಅಗ್ಗದ ಚಿಪ್ಪಿನ ಮೊದಮೊದಲ ತಯಾರಿಕೆಯಲ್ಲಿ ಗಣಿತದ ಭಾಗ ಒಳಗೇ ಇತ್ತು. ಅದು ಕೆಲಸ ಮಾಡದಂತೆ ತಡೆಯಲಾಗಿತ್ತು. ಯಂತ್ರದ ಸರಕಿನಲ್ಲಿ ಸಾದಾ ಎಂದರೆ ಎಷ್ಟೋ ಸಲ ಮಾರುವವನು ತನ್ನಲ್ಲಿರುವುದನ್ನೇ ಬೇಕೆಂದು ತಡೆಹಿಡಿದದ್ದು. ಮೇಲ್ದರ್ಜೆಗೆ ಅವನಿಗೆ ತಗಲುವ ಹೆಚ್ಚುವರಿ ಖರ್ಚು ಅಲ್ಪ. ಲಾಭವಾದರೂ ನಷ್ಟವಾದರೂ ಎರಡೂ ಬೆಲೆಗಳನ್ನು ಕಟ್ಟುವವನು ಅವನೇ.

ತೊಗಲಿನ ಹದ

ಅಥಣಿಯ ಚಪ್ಪಲಿಯ ಕಥೆ ಇದಕ್ಕೆ ತಿರುಗುಮುರುಗು. ಇಲ್ಲಿ ತಡೆಹಿಡಿಯಲು ಏನೂ ಇಲ್ಲ. ಸಾದಾ ಜೊತೆಗೂ ಸ್ಪೆಷಲ್ ಜೊತೆಗೂ ನಡುವೆ ಇರುವುದು ದುಡಿಮೆಯ ದಿನಗಳು.

ಕೆಲಸ ಶುರುವಾಗುವುದು ತೊಗಲಿನಿಂದ. ಸಾಂಪ್ರದಾಯಿಕ ವಿಧಾನದಲ್ಲಿ ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ತೆಗೆದು, ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ರಸದಲ್ಲಿ ಹದ ಮಾಡುತ್ತಾರೆ. ಇದಕ್ಕೆ ಹಲವು ವಾರ ಹಿಡಿಯುತ್ತದೆ. ಕಾರ್ಖಾನೆಯಲ್ಲಿ ರಾಸಾಯನಿಕ ಬಳಸಿ ಕೆಲವೇ ದಿನಗಳಲ್ಲಿ ಹದ ಮಾಡಿದ ಚರ್ಮ ಅಗ್ಗ. ಆದರೆ ತೊಗಟೆಯ ಹದದ ಚರ್ಮ ಬೇಸಿಗೆಯಲ್ಲಿ ಕಾಲನ್ನು ತಂಪಾಗಿಡುತ್ತದೆ, ದಿನ ಕಳೆದಂತೆ ಕಾಲಿನ ಆಕಾರಕ್ಕೇ ಒಗ್ಗಿಕೊಳ್ಳುತ್ತದೆ ಎಂದು ಬಲ್ಲವರು ಮೆಚ್ಚುತ್ತಾರೆ.

ಅಟ್ಟೆಗೆ ದಪ್ಪನೆಯ ಎಮ್ಮೆಯ ತೊಗಲು. ಮೇಲಿನ ಪಟ್ಟಿ ಮತ್ತು ಹೆಣಿಗೆಗೆ ತೆಳುವಾದ ಚರ್ಮ. ಉಳಿ, ರಂಪಿಗೆ ಹಿಡಿದು ಅಟ್ಟೆ ಕತ್ತರಿಸಿ, ಪದರಗಳನ್ನು ಕೂಡಿಸಿ, ಬಡಿದು ಹದಗೊಳಿಸುವುದು ಹೆಚ್ಚಾಗಿ ಗಂಡಸರ ಕೆಲಸ. ಕೂದಲಿನ ಜಡೆಯಂತೆ ಸಣ್ಣ ಸಣ್ಣ ಎಳೆಗಳನ್ನು ಹೆಣೆಯುವುದು, ಪಟ್ಟಿಗಳ ಮೇಲೆ ಚಿತ್ತಾರದ ರಂಧ್ರ ಹೊಡೆಯುವುದು ಹೆಚ್ಚಾಗಿ ಹೆಂಗಸರ ಕೆಲಸ. ಅಪ್ಪಟ ಚಪ್ಪಲಿಗೆ ಮೊಳೆ ಹೊಡೆಯುವುದಿಲ್ಲ. ಚರ್ಮದ ದಾರದಿಂದಲೇ ಹೊಲಿಗೆ. ಹೆಣಿಗೆಯ ಎಳೆ ತೆಳುವಾದಷ್ಟೂ, ಪದರ ಹೆಚ್ಚಾದಷ್ಟೂ, ಹೊಲಿಗೆ ಒತ್ತಾದಷ್ಟೂ ಆ ಜೊತೆ ಮುಗಿಯಲು ಹೆಚ್ಚು ಹೊತ್ತು ಬೇಕು. ಇಲ್ಲಿ ಸ್ಪೆಷಲ್ ಎಂದರೆ ಇದೇ.

ತೊಗಲು ಹದ ಮಾಡುವ ಢೋರರೂ ಚಪ್ಪಲಿ ಹೊಲಿಯುವ ಸಮಗಾರರೂ ತಮ್ಮ ಕಾಯಕದ ಹಿರಿಯರನ್ನು 12ನೆಯ ಶತಮಾನದ ಶರಣರಲ್ಲಿ ಕಾಣುತ್ತಾರೆ. ಡೋಹರ ಕಕ್ಕಯ್ಯ ಹದ ಮಾಡಿದವನು, ಹರಳಯ್ಯ ಹೊಲಿದವನು. ಹರಳಯ್ಯನ ಐತಿಹ್ಯ ಈ ಭಾಗದಲ್ಲಿ ಮನೆಮಾತು. ದಾರಿಯಲ್ಲಿ ಕಂಡ ಬಸವಣ್ಣನಿಗೆ ಹರಳಯ್ಯ 'ಶರಣು' ಎಂದನಂತೆ. ಬಸವಣ್ಣ 'ಶರಣು ಶರಣಾರ್ಥಿ' ಎಂದು ಮರುನುಡಿದನಂತೆ. ಒಂದು ಶರಣಿಗೆ ಎರಡು ಪಡೆದೆನಲ್ಲ, ಹೆಚ್ಚಿನ ಒಂದು ನನ್ನ ಮೇಲೆ ಋಣವಾಯಿತಲ್ಲ ಎಂದು ಹರಳಯ್ಯ ತಳಮಳಿಸಿದ. ಆ ಋಣ ತೀರಿಸಲು ಅವನೂ ಮಡದಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿ ಒಯ್ದರು. ಮೆಟ್ಟಲು ತಾನು ಯೋಗ್ಯನಲ್ಲವೆಂದು ಬಸವಣ್ಣ ಅದನ್ನು ಮೆಟ್ಟಲಿಲ್ಲ. ಪಡೆದದ್ದರಲ್ಲಿ ಒಂದಿಷ್ಟು ಹೆಚ್ಚಾದರೂ ಸಂಕಟಪಟ್ಟವನ ಕಥೆಯಿದು. ಅವನ ವೃತ್ತಿಯವರ ಪಾಲಿಗೆ ಚರಿತ್ರೆಯಲ್ಲಿ ಬಂದದ್ದು ಮಾತ್ರ ಕಡಿಮೆಯ ಸಂಕಟ.

ಹೆಸರು ಯಾರದು?

ಅಥಣಿಯ ಚಪ್ಪಲಿಗೆ ಕೊಲ್ಹಾಪುರದ ಹೆಸರು ಬಂದದ್ದು ಹೇಗೆ? ಇದರಲ್ಲಿ ಮೋಸವೇನೂ ಇಲ್ಲ. ಸರಕಿಗೆ ಅದು ಮಾರಾಟವಾಗುವ ಪೇಟೆಯ ಹೆಸರು ಅಂಟಿಕೊಳ್ಳುವುದು ಲೋಕರೂಢಿ. ನಿಪ್ಪಾಣಿಗೆ ಕೊಲ್ಹಾಪುರವೇ ಹತ್ತಿರದ ದೊಡ್ಡ ಪೇಟೆ. ರಾಯಬಾಗವಂತೂ 1949ರವರೆಗೆ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿತ್ತು. 1894ರಿಂದ 1922ರವರೆಗೆ ಆಳಿದ ಶಾಹು ಮಹಾರಾಜರು ಚರ್ಮದ ಕಸುಬಿಗೆ ಒತ್ತಾಸೆಯಾಗಿ ನಿಂತರು. ಅಥಣಿ, ಚಿಕ್ಕೋಡಿಗಳು ಮುಂಬಯಿ ಪ್ರಾಂತದಲ್ಲಿದ್ದವು. ಮಾಡುವ ಊರಿಗೂ ಮಾರುವ ಊರಿಗೂ ನಡುವೆ ರಾಜ್ಯದ ಗಡಿ ಬಂದದ್ದು 1956ರ ಪುನರ್ವಿಂಗಡಣೆಯಿಂದ. ಗಡಿ ಬಂದರೂ ಚಪ್ಪಲಿಯ ದಾರಿ ಬದಲಾಗಲಿಲ್ಲ. ಹೊಲಿಗೆ ಇತ್ತ, ಹೆಸರು ಅತ್ತ.

ಹೆಸರು ಬೇರೆ ಕಡೆ ಇದ್ದಾಗ ದರ್ಜೆ ಕಟ್ಟುವ ಅಧಿಕಾರವೂ ಬೇರೆ ಕಡೆ ಹೋಗುತ್ತದೆ. ಇದು ಸಾದಾ, ಇದು ಸ್ಪೆಷಲ್ ಎಂದು ಕೊನೆಗೆ ಹೇಳುವವನು ಗಲ್ಲೆಯ ಮೇಲೆ ಕುಳಿತವನು. ಚರ್ಮಕ್ಕೆ ಮುಂಗಡ ಕೊಟ್ಟವನೇ ಸರಕು ಎತ್ತುವವನೂ ಆದಾಗ ಚೌಕಾಸಿಗೆ ಎಡೆಯಿರುವುದಿಲ್ಲ.

ನಿಪ್ಪಾಣಿಯ ತಂಬಾಕಿನ ಪೇಟೆ ಇದೇ ಪಾಠವನ್ನು ಇನ್ನೂ ಕಟುವಾಗಿ ಕಲಿಸಿತ್ತು. ಬೆಳೆದವನ ಎಲೆ ಎಷ್ಟು ಒಳ್ಳೆಯದು ಎಂದು ಹೇಳುವವನು ಕೊಳ್ಳುವ ವ್ಯಾಪಾರಿ. ಬೀಡಿ ಉದ್ಯಮದಲ್ಲಿ ಹೆಂಗಸರು ಕಟ್ಟಿದ ಬೀಡಿಯನ್ನು ಕಳಪೆಯೆಂದು ಬೇರ್ಪಡಿಸಿ, ಅದಕ್ಕೆ ಕೂಲಿ ಕೊಡದೆ ಇಟ್ಟುಕೊಳ್ಳುವ ಪದ್ಧತಿಯೂ ಇತ್ತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಹೀಗೆ ತಿರಸ್ಕರಿಸಿದ ಬೀಡಿಗಳ ತಕರಾರಿನ ಇತ್ಯರ್ಥದ ಬಗ್ಗೆಯೂ ಹೇಳಬೇಕಾಯಿತು. 1981ರಲ್ಲಿ ಶರದ್ ಜೋಶಿಯವರ ಮುಂದಾಳುತನದಲ್ಲಿ ತಂಬಾಕು ರೈತರು ನ್ಯಾಯವಾದ ಬೆಲೆಗಾಗಿ ನಿಪ್ಪಾಣಿಯ ಬಳಿ ಹೆದ್ದಾರಿಯಲ್ಲೇ ಕುಳಿತರು. ಏಪ್ರಿಲಿನ ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ದರ್ಜೆ ಮತ್ತು ಬೆಲೆಯ ಪ್ರಶ್ನೆ ಈ ನೆಲದಲ್ಲಿ ಬರೀ ಅಂಗಡಿಯ ಮಾತಾಗಿ ಉಳಿದಿಲ್ಲ.

ಹೆಣೆದವರ ಹೆಸರಿನಲ್ಲಿ

ಚಪ್ಪಲಿ ಹೊಲಿಯುವವರೇ ಮೇಲ್ದರ್ಜೆಯ ಸರಕನ್ನು ತಾವಾಗಿ ಮಾರಬಹುದೆಂದು ತೋರಿಸುವ ಒಂದು ಪ್ರಯತ್ನ 1990ರ ದಶಕದ ಕೊನೆಯಲ್ಲಿ ಅಥಣಿಯಲ್ಲಿ ನಡೆಯಿತು. ಬೆಂಗಳೂರಿನ 'ಅಸೆಂಟ್' ಸಂಸ್ಥೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಇಲ್ಲಿಯ ಕುಶಲಕರ್ಮಿಗಳನ್ನು ಸಂಘಟಿಸಿತು. ಮಧುರಾ ಛತ್ರಪತಿ ಇದರ ಮುಂಚೂಣಿಯಲ್ಲಿದ್ದರು. ಹೆಂಗಸರ ಸ್ವಸಹಾಯ ಗುಂಪುಗಳು ಒಂದಾಗಿ 'ಟೋಹೋಲ್ಡ್' ಎಂಬ ಹೆಸರಿನಲ್ಲಿ ವ್ಯಾಪಾರಕ್ಕಿಳಿದವು.

ಹೊರದೇಶಕ್ಕೆ ಕಳಿಸಬೇಕೆಂದರೆ ಹಳೆಯ ಅಂದಾಜು ಸಾಲದು. ಎಡಗಾಲು, ಬಲಗಾಲಿನ ಅಳತೆ ಸರಿಯಾಗಿರಬೇಕು; ಒಂದು ಅಳತೆಯ ನೂರು ಜೊತೆ ಕೇಳಿದರೆ ನೂರೂ ಒಂದೇ ಸಮ ಇರಬೇಕು; ಬಣ್ಣ ಕಾಲಿಗೆ ಹತ್ತಬಾರದು, ಹಡಗಿನಲ್ಲಿ ಬೂಸರು ಹಿಡಿಯಬಾರದು. ಇದನ್ನೆಲ್ಲ ಕಲಿತು ಮಾಡಿದ ಚಪ್ಪಲಿಗಳು ವಿದೇಶದ ಅಂಗಡಿಗಳನ್ನು ಸೇರಿದವು. ಮುಖ್ಯವಾದ ಬದಲಾವಣೆ ಇನ್ನೊಂದು. ಅದುವರೆಗೆ ಹೆಂಗಸರ ಹೆಣಿಗೆ ಮನೆಗೆಲಸದ ಲೆಕ್ಕಕ್ಕೇ ಸೇರಿಹೋಗುತ್ತಿತ್ತು. ಚಪ್ಪಲಿಯನ್ನು ಸ್ಪೆಷಲ್ ಮಾಡುವುದೇ ಆ ಹೆಣಿಗೆ. ಗುಂಪಿನ ಲೆಕ್ಕಪುಸ್ತಕದಲ್ಲಿ ಅದಕ್ಕೂ ಒಂದು ಸಾಲು ಸಿಕ್ಕಿತು.

ತೆರಿಗೆಯ ಗೆರೆ

ದರ್ಜೆ ಕಟ್ಟುವವರಲ್ಲಿ ಸರ್ಕಾರವೂ ಒಂದು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ 500 ರೂಪಾಯಿವರೆಗಿನ ಪಾದರಕ್ಷೆಗೆ ಶೇ 5, ಅದಕ್ಕೂ ಮೇಲ್ಪಟ್ಟು ಶೇ 18 ತೆರಿಗೆ ಎಂದಾಯಿತು. ಮರುವರ್ಷ ಈ ಗೆರೆ 1,000 ರೂಪಾಯಿಗೆ ಏರಿತು. ಆಗಿನ ಲೆಕ್ಕದಲ್ಲಿ 1,000 ರೂಪಾಯಿಯ ಜೊತೆಗೆ 50 ರೂಪಾಯಿ ತೆರಿಗೆ. ಇನ್ನೊಂದು ದಿನ ಕುಳಿತು ಹೆಣೆದು ಅದನ್ನು 1,100ರ ಜೊತೆ ಮಾಡಿದರೆ 198 ರೂಪಾಯಿ. ನೂರು ರೂಪಾಯಿ ಬೆಲೆ ಏರಿದ್ದಕ್ಕೆ 148 ರೂಪಾಯಿ ಹೆಚ್ಚು ತೆರಿಗೆ! ಒಳ್ಳೆಯ ಕೆಲಸ ಮಾಡಬೇಡ ಎಂದು ಹೇಳಿದಂತಾಯಿತು. 2022ರ ಜನವರಿಯಿಂದ ಅಗ್ಗದ ಪಾದರಕ್ಷೆಯ ತೆರಿಗೆಯೂ ಶೇ 12ಕ್ಕೆ ಏರಿತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಪಾದರಕ್ಷೆಗೆ ಶೇ 5 ಎಂದು ಬದಲಾದ ಮೇಲೆ ಕೈಹೊಲಿಗೆಯ ಒಳ್ಳೆಯ ಜೊತೆಗಳಿಗೂ ಗೆರೆಯ ಈಚೆಗೆ ಜಾಗ ಸಿಕ್ಕಿತು.

ಹೆಸರಿನ ಪ್ರಶ್ನೆಗೂ ಒಂದು ಉತ್ತರ ದೊರೆಯಿತು. ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು 1976ರಲ್ಲಿ ಸ್ಥಾಪನೆಯಾದ ಕರ್ನಾಟಕದ ಲಿಡ್ಕರ್ ಎಂಬ ಎರಡು ಚರ್ಮೋದ್ಯಮ ನಿಗಮಗಳು ಜಂಟಿಯಾಗಿ ಕೇಳಿದ ಮೇಲೆ 'ಕೊಲ್ಹಾಪುರಿ ಚಪ್ಪಲಿ'ಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಬಂತು. ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಜಿಲ್ಲೆಗಳು ಅತ್ತ; ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಇತ್ತ. ಎಂಟರಲ್ಲಿ ನಾಲ್ಕು ಕರ್ನಾಟಕದವು. ಈ ಮಾನ್ಯತೆ ಹೆಸರನ್ನು ಕಾಯುತ್ತದೆ. ರೆಗ್ಜಿನ್ನಿನ ನಕಲಿಗೆ ಕೊಲ್ಹಾಪುರಿ ಎಂಬ ಚೀಟಿ ಹಚ್ಚುವುದನ್ನು ತಡೆಯಲು ಕಾನೂನಿನ ಆಧಾರ ಕೊಡುತ್ತದೆ. ಆದರೆ ಹೊಲಿದವರಿಗೆ ಇಷ್ಟು ಕೂಲಿ ಸಿಗಬೇಕು ಎಂದು ಅದು ಹೇಳುವುದಿಲ್ಲ.

ಮಿಲಾನಿನಿಂದ ಬಂದ ಸುದ್ದಿ

2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿಗಳನ್ನು ತೋರಿಸಿತು. ಭಾರತದ ಹೆಸರನ್ನೇ ಎತ್ತಲಿಲ್ಲ. ಎರಡೂ ರಾಜ್ಯಗಳಲ್ಲಿ ಗದ್ದಲವೆದ್ದಿತು. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳ ಕುಶಲಕರ್ಮಿಗಳನ್ನು ಮರೆಯಬಾರದೆಂದು ಕರ್ನಾಟಕದ ಸಚಿವ ಪ್ರಿಯಾಂಕ್ ಖರ್ಗೆ ದನಿ ಎತ್ತಿದರು. ಚಪ್ಪಲಿಯ ಪ್ರೇರಣೆ ಭಾರತದ್ದೇ ಎಂದು ಕಂಪನಿ ಒಪ್ಪಿಕೊಂಡಿತು. ಅದೇ ವರ್ಷ ಡಿಸೆಂಬರಿನಲ್ಲಿ ಲಿಡ್‌ಕಾಮ್ ಮತ್ತು ಲಿಡ್ಕರ್ ಜೊತೆ ಒಪ್ಪಂದವೂ ಆಯಿತು. ಮಹಾರಾಷ್ಟ್ರ ಮತ್ತು ಕರ್ನಾಟಕದಲ್ಲಿ 2,000 ಜೊತೆ ತಯಾರಿಸಿ, ಜೊತೆಗೆ ಸುಮಾರು 800 ಯೂರೊದಂತೆ, ಅಂದರೆ ಎಂಬತ್ತು ಸಾವಿರ ರೂಪಾಯಿಗೂ ಮೇಲೆ, ಮಾರುವುದಾಗಿ ಪ್ರಕಟಿಸಲಾಯಿತು.

ಸಾದಾ ಮತ್ತು ಸ್ಪೆಷಲ್ ನಡುವಿನ ಅಂತರ ಇಷ್ಟು ದೊಡ್ಡದಾಗಿ ಹಿಂದೆಂದೂ ಕಂಡಿರಲಿಲ್ಲ. ಸ್ಥಳೀಯ ಪೇಟೆಯಲ್ಲಿ ಕೆಲವು ನೂರು ರೂಪಾಯಿಗೆ ಹೋಗುವ ಜೊತೆಗೂ ಇದಕ್ಕೂ ನಡುವೆ ಇರುವುದು ಬರಿ ಹೆಣಿಗೆಯ ದಿನಗಳಲ್ಲ. ಎಷ್ಟೇ ನಯವಾಗಿ ಹೆಣೆದರೂ ದುಡಿಮೆ ನೂರು ಪಟ್ಟು ಹೆಚ್ಚಾಗುವುದಿಲ್ಲ. ಉಳಿದದ್ದೆಲ್ಲ ಹೆಸರಿನ ಬೆಲೆ. ಆಟದ ಪೆಟ್ಟಿಗೆಯಲ್ಲಿ ಹೆಸರೂ ತಯಾರಿಕೆಯೂ ಒಂದೇ ಕಂಪನಿಯ ಹಿಡಿತದಲ್ಲಿ ಇರುವುದರಿಂದ ಅಂತರದ ಹಣ ಎಲ್ಲಿ ಹೋಯಿತೆಂದು ಹುಡುಕಬೇಕಾಗಿಲ್ಲ. ಚಪ್ಪಲಿಯಲ್ಲಿ ಮಾಡುವ ಕೈ ಒಂದು, ಹೆಸರಿನ ಒಡೆತನ ಇನ್ನೊಂದು. ಆದ್ದರಿಂದ ಒಪ್ಪಂದದ ಯಶಸ್ಸನ್ನು ಅಳೆಯಬೇಕಾದದ್ದು ಮಿಲಾನಿನ ಅಂಗಡಿಯ ಗಾಜಿನ ಕಪಾಟಿನಲ್ಲಲ್ಲ. ಅಥಣಿಯ ಮನೆಯ ಪಡಸಾಲೆಯಲ್ಲಿ ಕುಳಿತು ಜಡೆ ಹೆಣೆಯುವವಳಿಗೆ ಒಂದು ಜೊತೆಗೆ ಎಷ್ಟು ಸಿಕ್ಕಿತು ಎಂಬಲ್ಲಿ.

ಕೊಳ್ಳುವವರ ಕೈಯಲ್ಲೂ ಒಂದಿಷ್ಟು ಉಂಟು. ಅಂಗಡಿಯವ ಎರಡು ಜೊತೆ ಮುಂದಿಟ್ಟಾಗ ಅಂಚನ್ನು ತಿರುಗಿಸಿ ಪದರಗಳನ್ನು ನೋಡಬೇಕು. ಮೊಳೆ ಇದೆಯೇ, ಚರ್ಮದ ದಾರ ಇದೆಯೇ ಎಂದು ಬೆರಳಾಡಿಸಬೇಕು. ಮೂಲ ತಿಳಿಸುವ ಕ್ಯುಆರ್ ಗುರುತನ್ನು ಲಿಡ್‌ಕಾಮ್ 2025ರಲ್ಲಿ ಜಾರಿಗೆ ತಂದಿದೆ. ಇದ್ದರೆ ಅದನ್ನೂ ನೋಡಬಹುದು. ಆಮೇಲೆ ಬೆಲೆ ಕೇಳುವ ಮೊದಲು ಇನ್ನೊಂದು ಮಾತು ಕೇಳಬೇಕು: 'ಇದನ್ನು ಹೊಲಿದದ್ದು ಯಾವ ಊರಲ್ಲಿ?' ಆ ಊರಿನ ಹೆಸರು ಅಂಗಡಿಯವನ ಬಾಯಲ್ಲಿ ತಡವರಿಸದೆ ಬಂದರೆ, ಸ್ಪೆಷಲ್ ಎಂಬ ಮಾತಿಗೆ ಅಷ್ಟಾದರೂ ಅರ್ಥ ಬಂದಂತೆ.